ಕಲ್ಲು ನೋಡುವವನು

ಮೇಸ್ತ್ರಿಯ ಕಿವಿ ಕೈಕೊಟ್ಟು ಒಂದು ವರ್ಷವಾಗಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಮೊದಲು ದೂರದ ಸದ್ದುಗಳು ಹೋದವು, ಆಮೇಲೆ ಹತ್ತಿರದವು. ಎದುರಿಗೆ ನಿಂತು ಮಾತಾಡಿದವರ ತುಟಿ ನೋಡಿ ಅರ್ಧ ತಿಳಿದುಕೊಳ್ಳುತ್ತಿದ್ದ, ಉಳಿದರ್ಧ ಊಹಿಸುತ್ತಿದ್ದ. ನಾಲ್ಕು ಜನ ನಕ್ಕರೆ ತಾನೂ ನಗುತ್ತಿದ್ದ. ಪ್ರಶ್ನೆಯಂತೆ ಕಂಡದ್ದಕ್ಕೆಲ್ಲ "ನೋಡೋಣ" ಎನ್ನುತ್ತಿದ್ದ. ಈ ಒಂದು ಉತ್ತರ ಒಗ್ಗದ ಪ್ರಶ್ನೆ ಲೋಕದಲ್ಲಿ ಬಹಳ ಕಡಿಮೆ ಎಂದು ಆ ವರ್ಷದಲ್ಲಿ ಅವನಿಗೆ ಮನವರಿಕೆಯಾಗಿತ್ತು.

ಬೇರೆ ಕಸುಬಾಗಿದ್ದರೆ ಹೇಗೋ ಸುಧಾರಿಸಬಹುದಿತ್ತು. ಆದರೆ ಕಲ್ಲುಕೆಲಸದವನಿಗೆ ಕಿವಿಯೇ ಅರ್ಧ ಬಂಡವಾಳ. ಗಣಿಯಿಂದ ಬಂದ ಕಲ್ಲನ್ನು ಎರಡು ತುಂಡು ಮರದ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಬಡಿಯಬೇಕು. ಒಳ್ಳೆಯ ಕಲ್ಲು ಗಂಟೆಯ ಹಾಗೆ ಟಣ್ ಎನ್ನುತ್ತದೆ. ಒಳಗೆ ಕೂದಲೆಳೆಯಷ್ಟು ಸೀಳಿದ್ದರೂ ಸಾಕು, ದಬ್ ಎಂದು ಅಲ್ಲೇ ಸತ್ತುಹೋಗುತ್ತದೆ. ಆ ಸೀಳು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ತಾಗುವುದಿಲ್ಲ. ಮೂವತ್ತೆಂಟು ವರ್ಷ ಮೇಸ್ತ್ರಿ ತನ್ನ ಕಿವಿಯ ಮಾತು ಕೇಳಿಕೊಂಡೇ ಕಲ್ಲು ಆರಿಸಿದ್ದ. ಈಗಲೂ ಪ್ರತಿ ಕಲ್ಲನ್ನೂ ಬಡಿಯುತ್ತಿದ್ದ, ತಲೆ ಓರೆ ಮಾಡುತ್ತಿದ್ದ, "ಹೂಂ, ಪರವಾಗಿಲ್ಲ" ಎನ್ನುತ್ತಿದ್ದ. ಅವನಿಗೆ ಕೇಳುತ್ತಿದ್ದುದು ಏನೂ ಇಲ್ಲ.

ಇಂಥ ಹೊತ್ತಿನಲ್ಲಿ ಅವನಿಗೆ ಹತ್ತೊಂಬತ್ತು ಕಣ್ಣಿನ ಸೇತುವೆಯ ಕೆಲಸ ಸಿಕ್ಕಿತು.

ಅದು ಕಣಿವೆಯ ಅಡ್ಡಕ್ಕೆ ಕಟ್ಟಿದ ರೈಲು ಸೇತುವೆ. ವಯಸ್ಸು ನೂರ ನಲವತ್ತರ ಮೇಲೆ. ಹತ್ತೊಂಬತ್ತು ಕಮಾನು, ನಡುವಿನ ಕಂಬಗಳ ಎತ್ತರ ನೂರ ಹತ್ತು ಅಡಿ. ಕಣಿವೆಯ ಎರಡು ಅಂಚು ಒಂದಕ್ಕೊಂದು ನೇರವಾಗಿ ಇಲ್ಲದ್ದರಿಂದ ಸೇತುವೆ ಕುಡುಗೋಲಿನ ಹಾಗೆ ಬಾಗಿದೆ. ಬಾಗಿರುವುದು ಸೇತುವೆ, ಕಮಾನುಗಳಲ್ಲ. ಒಂದೊಂದು ಕಮಾನೂ ನೆಟ್ಟಗೇ ಇದೆ. ಬಾಗನ್ನೆಲ್ಲ ನುಂಗಿಕೊಂಡಿರುವುದು ಕಂಬಗಳು. ಪ್ರತಿ ಕಂಬವೂ ಹೊರಮಗ್ಗುಲಲ್ಲಿ ಅಗಲ, ಒಳಮಗ್ಗುಲಲ್ಲಿ ಕಿರಿದು, ಕತ್ತರಿಸಿದ ರೊಟ್ಟಿಯ ಚೂರಿನ ಹಾಗೆ. ರೈಲು ತಿರುಗುವಾಗ ಹೊರಕ್ಕೆ ದೂಡುವ ಭಾರ ಆ ಅಗಲದ ಮಗ್ಗುಲ ಮೇಲೆ ಬೀಳುತ್ತದೆ. ಕಂಬದ ಹೊರಮೈ ಕೆತ್ತಿದ ಮರಳುಗಲ್ಲು. ಹೊಟ್ಟೆಯೊಳಗೆ ಸುಣ್ಣದ ಗಾರೆಯಲ್ಲಿ ಕಲಸಿ ತುಂಬಿದ ಒರಟು ಕಲ್ಲು. ಮೇಲಿನ ನೀರು ಹರಿದುಹೋಗುವ ಕೊಳವೆಗಳು ಯಾವುದೋ ಕಾಲದಲ್ಲಿ ಕಟ್ಟಿಕೊಂಡು, ನೀರು ಕಂಬದೊಳಗೇ ಇಳಿದು, ಆರರಿಂದ ಒಂಬತ್ತರವರೆಗಿನ ಕಂಬಗಳ ಮುಖದ ಕಲ್ಲು ಈರುಳ್ಳಿ ಸಿಪ್ಪೆಯಂತೆ ಸುಲಿಯತೊಡಗಿತ್ತು. ಅರವತ್ತೆರಡು ಕಲ್ಲು ಕಿತ್ತು ಹೊಸದು ಕೂರಿಸಬೇಕಿತ್ತು. ಮುಗಿಯುವವರೆಗೆ ರೈಲುಗಳು ನಡಿಗೆಯ ವೇಗದಲ್ಲಿ ದಾಟುತ್ತಿದ್ದವು.

ಮೇಸ್ತ್ರಿ, ಅವನ ಹೆಂಡತಿ, ಹೆಂಡತಿಯ ತಮ್ಮ, ಮೂವರೂ ಸೇತುವೆಯ ಬುಡದ ಬೀದಿಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದರು. ಭಾವಮೈದುನ ಅಳತೆ, ರಾಟೆ, ಗಾರೆ ನೋಡಿಕೊಳ್ಳುವವನು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ರೈಲು ದಾಟಿದಾಗಲೆಲ್ಲ ಕಪಾಟಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟುತ್ತಿದ್ದವು. ಲೋಟ ಅಲುಗುವುದನ್ನು ನೋಡಿ ಮೇಸ್ತ್ರಿ "ಓ, ರೈಲು ಬಂತು" ಎನ್ನುತ್ತಿದ್ದ. ಹೆಂಡತಿ ಅವನ ಮುಖವನ್ನೊಮ್ಮೆ ನೋಡುತ್ತಿದ್ದಳು.

ಕೆಲಸ ನಿಧಾನದ್ದು. ಸಾಲಾಗಿ ಕಿತ್ತರೆ ಮೇಲಿನದು ಕುಸಿಯುತ್ತದೆ, ಹಾಗಾಗಿ ಒಂದು ಬಿಟ್ಟು ಒಂದು ಕಲ್ಲು. ಹಳೆಯದನ್ನು ಚೂರುಚೂರಾಗಿ ಕೆತ್ತಿ ತೆಗೆದು, ಗೂಡು ಒರೆಸಿ, ನೀರು ಚಿಮುಕಿಸಿ, ಗಾರೆ ಹಾಸಿ, ಹೊಸದನ್ನು ರಾಟೆಯಲ್ಲಿ ಏರಿಸಿ ತಳ್ಳಬೇಕು. ಮರಳುಗಲ್ಲಿಗೆ ಪುಸ್ತಕದ ಹಾಳೆಗಳಂತೆ ಪದರವಿರುತ್ತದೆ. ಭೂಮಿಯೊಳಗೆ ಹೇಗೆ ಮಲಗಿತ್ತೋ ಗೋಡೆಯಲ್ಲೂ ಹಾಗೇ ಮಲಗಬೇಕು. ನಿಲ್ಲಿಸಿ ಕೂರಿಸಿದರೆ ಹಾಳೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ.

ಮೊದಲ ವಾರವೇ ಭಾವಮೈದುನ ಒಂದು ಸಂಗತಿ ಗಮನಿಸಿದ. ಹಳೆಯ ಕಲ್ಲುಗಳ ಕೆಳಗಿನ ಎಡಮೂಲೆಯಲ್ಲಿ ಉಳಿಯ ಮೊನೆಯಿಂದ ಹೊಡೆದ ಮೂರು ಚುಕ್ಕಿಗಳಿದ್ದವು. ಕೆಳಗೆ ಎರಡು, ಮೇಲೆ ಒಂದು. ಎಲ್ಲ ಕಲ್ಲಿನಲ್ಲೂ ಒಂದೇ ಕೈ, ಒಂದೇ ಆಳ.

"ಯಾರೋ ಪಾಸು ಮಾಡಿದ ಗುರುತು ಭಾವ. ಎಷ್ಟು ಸಾವಿರ ಕಲ್ಲು ನೋಡಿರಬೇಕು ಪುಣ್ಯಾತ್ಮ!" ಎಂದ.

ಮೇಸ್ತ್ರಿ ತುಟಿ ನೋಡಿ, "ನೋಡೋಣ" ಎಂದ.

ಎರಡನೆಯ ಸೋಮವಾರ ಬೆಳಿಗ್ಗೆ ಮೇಸ್ತ್ರಿ ಕಂಬಗಳ ಸುತ್ತ ಹಲಗೆ ಕಟ್ಟಿದ ಸಾರುವೆ ಹತ್ತಿ ಏಳನೆಯ ಕಂಬದ ಬಳಿ ಹೋದ. ಶನಿವಾರ ಕೂರಿಸಿದ ಹೊಸ ಕಲ್ಲಿನ ಎಡಮೂಲೆಯಲ್ಲಿ ಮೂರು ಚುಕ್ಕಿಗಳಿದ್ದವು. ಅವುಗಳ ಅಂಚು ಇನ್ನೂ ಬೆಳ್ಳಗಿತ್ತು.

ಅವನಿಗೆ ಸಿಟ್ಟು ನೆತ್ತಿಗೇರಿತು. ನುಣುಪಾಗಿ ಮುಗಿಸಿದ ಮುಖದ ಮೇಲೆ ಯಾರೋ ಕೈಯಾಡಿಸಿದ್ದರು. ಕೆಳಗೆ ಗಾರೆ ಕಲಸುತ್ತಿದ್ದ ಭಾವಮೈದುನನನ್ನು ಕೂಗಿ ಕರೆದ.

"ಇದೇನು ಮಕ್ಕಳಾಟ? ಇಂಜಿನಿಯರಮ್ಮ ನೋಡಿದರೆ ಯಾರು ಉತ್ತರ ಕೊಡೋದು?"

ಭಾವಮೈದುನ ಕಲ್ಲು ನೋಡಿದ, ಭಾವನನ್ನು ನೋಡಿದ. "ನಾನಾ? ನಿನ್ನೆ ಇಡೀ ದಿನ ಮನೆಯಲ್ಲಿ ಬಿದ್ದುಕೊಂಡಿದ್ದೆ, ಅಕ್ಕನ್ನೇ ಕೇಳಿ. ನೀವೇ ಹೊಡೆದು ನನ್ನ ತಲೆಗೆ ಕಟ್ಟುತ್ತಿದ್ದೀರಾ?"

"ನನಗೆ ಬೇರೆ ಕೆಲಸ ಇಲ್ವಾ?"

"ನನಗೂ ಇದೆ ಭಾವ. ನಿಮ್ಮ ಕೈಕೆಳಗೆ ಮೂರು ಜನರ ಕೆಲಸ ಇದೆ."

ಸಾರುವೆಯ ಬಾಗಿಲಿಗೆ ಬೀಗವಿತ್ತು, ಕಾವಲುಗಾರನಿದ್ದ. ಅವನು ಯಾರನ್ನೂ ಬಿಟ್ಟಿರಲಿಲ್ಲ. ಮಂಗಳವಾರ ಬೆಳಿಗ್ಗೆ ಇನ್ನೊಂದು ಕಲ್ಲಿನ ಮೇಲೆ ಚುಕ್ಕಿ ಬಿದ್ದಿತ್ತು. ಬುಧವಾರ ಮತ್ತೆರಡರ ಮೇಲೆ, ಗುರುವಾರದ ಹೊತ್ತಿಗೆ ಮೊದಲ ವಾರದ ಬಹುಪಾಲು ಕಲ್ಲುಗಳ ಮೇಲೂ. ಭಾವ ಮೈದುನರು ಮಾತು ಬಿಟ್ಟರು. ಊಟಕ್ಕೆ ಕೂತಾಗ ಒಬ್ಬ ಗೋಡೆ ನೋಡಿದರೆ ಇನ್ನೊಬ್ಬ ಬಾಗಿಲು ನೋಡುತ್ತಿದ್ದ. ಹೆಂಡತಿ ಇಬ್ಬರ ತಟ್ಟೆಗೂ ಬಡಿಸಿ, "ಗಂಡಸರು ಮುನಿಸಿಕೊಂಡರೆ ಮನೆಗೆ ಎಷ್ಟು ನೆಮ್ಮದಿ ನೋಡಿ" ಎಂದಳು. ಭಾವಮೈದುನ ನಕ್ಕ. ಮೇಸ್ತ್ರಿಯೂ ನಕ್ಕ. ಯಾಕೆಂದು ಅವನಿಗೆ ಗೊತ್ತಿರಲಿಲ್ಲ.

ಮುಚ್ಚಿಡುವುದು ಸರಿಯಲ್ಲವೆಂದು ಗುರುವಾರ ಇಬ್ಬರೂ ಇಂಜಿನಿಯರಮ್ಮನ ಕಚೇರಿಗೆ ಹೋದರು. ಐವತ್ತರ ಹೆಂಗಸು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಮೇಜಿನ ತುಂಬ ಅದನ್ನೇ ಹುಡುಕುವವರು. ಅವರು ಬೈಯುತ್ತಾರೆಂದು ಭಾವಮೈದುನ ತಯಾರಾಗಿದ್ದ. ಅವರು ಬೈಯಲಿಲ್ಲ. ಎದ್ದು ಬಾಗಿಲು ಹಾಕಿದರು, ಕಪಾಟಿನಿಂದ ಹಳೆಯ ಕಡತವೊಂದನ್ನು ತೆಗೆದರು. ಮೇಸ್ತ್ರಿ ಕುರ್ಚಿಯನ್ನು ಅವರ ಎದುರಿಗೇ ಎಳೆದುಕೊಂಡು ತುಟಿಯ ಮೇಲೆ ಕಣ್ಣಿಟ್ಟ. ಅವರು ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡುವವರಾದ್ದರಿಂದ ಅವನಿಗೆ ಹೆಚ್ಚುಕಡಿಮೆ ಎಲ್ಲವೂ ತಿಳಿಯಿತು.

ಸೇತುವೆ ಕಟ್ಟುವಾಗ ಕಲ್ಲು ನೋಡುವುದಕ್ಕೆಂದೇ ಒಬ್ಬನನ್ನು ಇಟ್ಟಿದ್ದರಂತೆ. ಕಡತದಲ್ಲಿ ಅವನ ಹೆಸರಿಲ್ಲ; ಎಲ್ಲ ಕಡೆ 'ಕಲ್ಲು ನೋಡುವವನು' ಎಂದೇ ಇದೆ. ಪ್ರತಿ ಕಲ್ಲನ್ನೂ ಬಡಿದು ಕೇಳಿ, ಒಪ್ಪಿದರೆ ಮೂರು ಚುಕ್ಕಿ ಹೊಡೆಯುತ್ತಿದ್ದ. ಏಳನೆಯ ಕಂಬದ ಹೊತ್ತಿಗೆ ಕೆಲಸ ಹಿಂದೆ ಬಿದ್ದಿತ್ತು, ಗಣಿಯಿಂದ ಕೆಟ್ಟ ಕಲ್ಲು ಬರತೊಡಗಿತ್ತು. ಅವನು ಒಪ್ಪಲಿಲ್ಲ. ಮೇಲಿನವರು ಅವನನ್ನು ಬದಿಗೆ ಸರಿಸಿ, ಚುಕ್ಕಿಯಿಲ್ಲದ ಕಲ್ಲಿನಲ್ಲೇ ಕಂಬ ಏರಿಸಿ, ಅದರ ಮೇಲೆ ಕಮಾನು ಕಟ್ಟಿಸಿದರು. ಕಮಾನನ್ನು ಹೊತ್ತಿದ್ದ ಮರದ ಆಸರೆಯನ್ನು ಬಿಚ್ಚುವ ದಿನ ಅವನು ಕೆಲಸದವರನ್ನು ಹೊರಗೆ ಕರೆಯಲು ಕೆಳಗೆ ಓಡಿದ. ಅಷ್ಟರಲ್ಲಿ ಕಂಬ ಹೊಟ್ಟೆಬಿರಿದು ಎರಡು ಕಮಾನು ಕುಸಿದವು. ಹನ್ನೊಂದು ಜನ ಸತ್ತರು, ಅವನೂ ಸೇರಿ.

"ವಿಚಾರಣೆಯಲ್ಲಿ ಅವನ ಮೇಲೇ ಹಾಕಿದರು. ಕಲ್ಲು ಪಾಸು ಮಾಡೋನು ಅವನೇ ತಾನೇ ಅಂತ. ಸತ್ತವನು ಬಂದು ಇಲ್ಲ ಅಂತಾನಾ?" ಇಂಜಿನಿಯರಮ್ಮ ಹಾಳೆ ತಿರುವಿದರು. "ಆಮೇಲೆ ಏಳನೇ ಕಂಬ ಮತ್ತೆ ಕಟ್ಟಿದರು. ಆಗ ಕಲ್ಲು ನೋಡೋಕೆ ಯಾರನ್ನೂ ಇಟ್ಟಿರಲಿಲ್ಲ. ಆದರೆ ಅಲ್ಲಿ ನೀವು ಕೀಳುತ್ತಿರೋ ಹಳೇ ಕಲ್ಲುಗಳು ಆ ಎರಡನೇ ಸಲದವು."

ಭಾವಮೈದುನ ಮುಂದಕ್ಕೆ ಬಗ್ಗಿದ. "ಅವುಗಳ ಮೇಲೂ ಚುಕ್ಕಿ ಇದೆಯಲ್ಲಮ್ಮ..."

"ಇದೆ. ಕಟ್ಟಿದವರೂ ಅದನ್ನ ನೋಡಿ ಬರೆದಿಟ್ಟಿದ್ದಾರೆ. ಕೆಳಗೆ ಯಾರೋ ಕೆಂಪು ಶಾಯಿಯಲ್ಲಿ 'ಈ ಬಗ್ಗೆ ಪತ್ರವ್ಯವಹಾರ ಬೇಡ' ಅಂತ ಸೇರಿಸಿದ್ದಾರೆ." ಕಡತ ಮುಚ್ಚಿದರು. "ನಾನೂ ಅದನ್ನೇ ಹೇಳೋದು. ಕೆಲಸ ಮುಂದುವರಿಸಿ."

ಕಚೇರಿಯಿಂದ ಇಬ್ಬರೂ ಪಕ್ಕಪಕ್ಕದಲ್ಲೇ ನಡೆದು ಬಂದರು. ಮುನಿಸು ಮರೆತುಹೋಗಿತ್ತು. ಸೇತುವೆ ಕಂಡಾಗ ಭಾವಮೈದುನ ಭಾವನ ತೋಳು ಹಿಡಿದುಕೊಂಡ. ಹತ್ತೊಂಬತ್ತು ಕಣ್ಣೂ ತಮ್ಮನ್ನೇ ನೋಡುತ್ತಿವೆ ಎನಿಸಿತೆಂದು ಅವನು ಆಮೇಲೆ ಅಕ್ಕನ ಹತ್ತಿರ ಹೇಳಿಕೊಂಡ.

ಮೇಸ್ತ್ರಿಯ ತಲೆಯಲ್ಲಿ ಬೇರೆಯದೇ ಕೊರೆಯುತ್ತಿತ್ತು. ಮರುದಿನ ಬೆಳಿಗ್ಗೆಯವರೆಗೆ ಕೂರಿಸಿದ್ದು ಇಪ್ಪತ್ತಮೂರು ಕಲ್ಲು. ಒಂದೊಂದರ ಮುಂದೂ ಬಗ್ಗಿ ನೋಡಿದ. ಹದಿನೆಂಟರಲ್ಲಿ ಚುಕ್ಕಿ ಇತ್ತು. ಮೂರರಲ್ಲಿ ಇರಲಿಲ್ಲ, ಅವು ವಾರದ ಹಿಂದಿನವು. ಇಪ್ಪತ್ತಮೂರನೆಯದು ಅಂದು ಬೆಳಿಗ್ಗೆಯಷ್ಟೇ ಕೂರಿಸಿದ್ದು. ಹಿಂದಿನ ಸಂಜೆಯ ಇಪ್ಪತ್ತೆರಡನೆಯದರ ಮೇಲೂ ಇನ್ನೂ ಚುಕ್ಕಿ ಬಿದ್ದಿರಲಿಲ್ಲ.

ಆ ಮಧ್ಯಾಹ್ನ ಭಾವಮೈದುನ ಊಟಕ್ಕೆ ಮನೆಗೆ ಹೋದ. ಕಾವಲುಗಾರ ನೆರಳು ಹುಡುಕಿಕೊಂಡು ಹೊರಟ. ಮೇಸ್ತ್ರಿ ಸಾರುವೆಯ ಮೇಲೇ ಉಳಿದ. ಕಂಬದ ಅಗಲದ ಮಗ್ಗುಲಲ್ಲಿ, ಹಲಗೆಯ ಮೇಲೆ, ಕಾಲು ಇಳಿಬಿಟ್ಟು ಕೂತ. ಬಿಸಿಲು ನೆತ್ತಿಯ ಮೇಲಿತ್ತು. ಕೆಳಗೆ ಬೀದಿಯಲ್ಲಿ ಒಂದು ಲಾರಿ ಹಿಂದಕ್ಕೆ ಬರುತ್ತಿತ್ತು, ಒಬ್ಬ ಕೈಬೀಸಿ ಏನೋ ಕೂಗುತ್ತಿದ್ದ. ಅದೆಲ್ಲ ಮೇಸ್ತ್ರಿಗೆ ಗಾಜಿನಾಚೆಯ ಲೋಕದ ಹಾಗೆ ಮೂಕವಾಗಿತ್ತು.

ಆಗ ಕೇಳಿಸಿತು.

ಟಣ್. ಟಣ್.

ಸದ್ದಿಗಿಂತ ಹೆಚ್ಚಾಗಿ ಮೇಸ್ತ್ರಿಯನ್ನು ಹೆದರಿಸಿದ್ದು ತನಗೆ ಅದು ಕೇಳಿಸಿತು ಎಂಬುದು. ಮಂದವಾಗಿಯಲ್ಲ, ಊಹೆಯಲ್ಲಲ್ಲ, ಇಪ್ಪತ್ತು ವರ್ಷದ ಹಿಂದೆ ಕೇಳುತ್ತಿದ್ದಷ್ಟು ಸ್ವಚ್ಛವಾಗಿ, ಕೊನೆಯ ಗುಂಯ್‌ಗುಡುವಿಕೆಯೂ ಸೇರಿ. ಕಂಬದ ಆಚೆಯ ಮುಖದಿಂದ ಬಂದ ಸದ್ದು. ಎರಡು ಪೆಟ್ಟಾದ ಮೇಲೆ ಒಂದು ಬಿಡುವು. ಆ ಬಿಡುವು ಯಾವುದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು: ಬಡಿದವನು ತಲೆ ಓರೆ ಮಾಡಿ ಕೇಳಿಸಿಕೊಳ್ಳುವ ಹೊತ್ತು ಅದು. ಆಮೇಲೆ ಉಳಿಯ ಮೇಲೆ ಮೂರು ಏಟು.

ಹಲಗೆ ಹಿಡಿದುಕೊಂಡು ಮೂಲೆ ತಿರುಗಿದ. ಯಾರೂ ಇರಲಿಲ್ಲ. ಹಲಗೆ ಅಲುಗುತ್ತಿರಲಿಲ್ಲ. ಇಪ್ಪತ್ತೆರಡನೆಯ ಕಲ್ಲಿನ ಎಡಮೂಲೆಯಲ್ಲಿ ಮೂರು ಚುಕ್ಕಿಗಳು ಮೂಡಿದ್ದವು. ಅವುಗಳಿಂದ ಬಿದ್ದ ಕಲ್ಲಿನ ಹಿಟ್ಟು ಇನ್ನೂ ಕಂಬದ ಮೈಮೇಲೆ ಸಣ್ಣ ಗೆರೆಯಾಗಿ ಜಾರುತ್ತಿತ್ತು.

ಅವನು ಹಿಟ್ಟನ್ನು ಬೆರಳಿಂದ ಮುಟ್ಟಿದ. ಅಷ್ಟರಲ್ಲಿ ಮತ್ತೆ ಸದ್ದಾಯಿತು, ಅವನ ಮೊಣಕಾಲಿನ ಹತ್ತಿರ, ಇಪ್ಪತ್ತಮೂರನೆಯ ಕಲ್ಲಿನಿಂದ. ಅವನು ಆ ಕಲ್ಲನ್ನೇ ನೋಡುತ್ತಿದ್ದ. ಅದರ ಮುಂದೆ ಬಿಸಿಲು ಬಿಟ್ಟರೆ ಬೇರೇನೂ ಇರಲಿಲ್ಲ.

ದಬ್. ದಬ್.

ಬಿಡುವು. ಅದು ಮುಗಿಯಲೇ ಇಲ್ಲ. ಉಳಿಯ ಏಟು ಬೀಳಲಿಲ್ಲ. ಯಾರೋ ಆ ಕಲ್ಲಿನಿಂದ ಮುಖವೆತ್ತಿ ತನ್ನ ಕಡೆ ತಿರುಗಿದ್ದಾರೆ, ತಾನು ಏನಾದರೂ ಹೇಳಲೆಂದು ಕಾಯುತ್ತಿದ್ದಾರೆ ಎಂದು ಮೇಸ್ತ್ರಿಗೆ ಖಚಿತವಾಗಿ ಅನಿಸಿತು. ತನ್ನ ಸಣ್ಣ ಸುತ್ತಿಗೆ ತೆಗೆದು ಅದೇ ಕಲ್ಲನ್ನು ಬಡಿದ. ಕೈಗೆ ಪೆಟ್ಟು ತಾಗಿತು. ಕಿವಿಗೆ ಏನೂ ಇಲ್ಲ. ಇನ್ನಷ್ಟು ಜೋರಾಗಿ ಬಡಿದ. ಏನೂ ಇಲ್ಲ.

ಭಾವಮೈದುನ ಊಟ ಮುಗಿಸಿ ಮೇಲೆ ಬಂದಾಗ ಮೇಸ್ತ್ರಿ ಹಲಗೆಯ ಮೇಲೆ ಕೂತು ಎರಡೂ ಕೈಯಿಂದ ಸುತ್ತಿಗೆ ಹಿಡಿದುಕೊಂಡಿದ್ದ.

"ಇದನ್ನ ಬಡಿ. ಹೇಗೆ ಕೇಳುತ್ತೆ ಹೇಳು."

"ನೀವೇ ಬಡಿದು ತಾನೇ ಕೂರಿಸಿದ್ದು ಭಾವ?"

"ನನಗೆ ಕಿವಿ ಕೇಳಲ್ಲ ಕಣೋ. ಒಂದು ವರ್ಷ ಆಯ್ತು."

ಭಾವಮೈದುನ ಸುತ್ತಿಗೆ ತೆಗೆದುಕೊಂಡು ಬಡಿದ, ಇನ್ನೊಮ್ಮೆ ಬಡಿದ. ಆಮೇಲೆ ಮೇಸ್ತ್ರಿಯ ಎದುರು ಕುಕ್ಕರಗಾಲಿನಲ್ಲಿ ಕೂತು, ಮುಖ ಕಾಣುವಂತೆ, ನಿಧಾನವಾಗಿ ಹೇಳಿದ: "ದಬ್ ಅಂತಿದೆ ಭಾವ."

ಚುಕ್ಕಿಯಿಲ್ಲದ ಉಳಿದ ಮೂರನ್ನೂ ಅವನೇ ಬಡಿದ. ಮೂರೂ ಸತ್ತ ಕಲ್ಲು.

ಸಂಜೆ ಮೇಸ್ತ್ರಿ ಹೆಂಡತಿಗೆ ಹೇಳಿದ. ಅವಳು ಮಡಚುತ್ತಿದ್ದ ಬಟ್ಟೆಯಿಂದ ತಲೆ ಎತ್ತಲಿಲ್ಲ. ಆಮೇಲೆ ನೆನಪಾಗಿ ಅವನ ಕಡೆ ಮುಖ ಮಾಡಿದಳು. "ನನಗೆ ಯಾವತ್ತೋ ಗೊತ್ತು. ಹೋದ ವರ್ಷ ನಿಮ್ಮನ್ನ ಅರ್ಧ ಗಂಟೆ ಬೈದೆ, ನೀವು ನಕ್ಕೊಂಡು 'ನೋಡೋಣ' ಅಂದ್ರಿ. ಮದುವೆಯಾಗಿ ಮೂವತ್ತು ವರ್ಷದಲ್ಲಿ ನೀವು ಹಾಗೆ ನಕ್ಕವರೇ ಅಲ್ಲ."

"ಹೇಳಬಾರದಿತ್ತಾ?"

"ನೀವಾಗೇ ಹೇಳ್ತೀರಿ ಅಂತ ಕಾದೆ." ಬಟ್ಟೆಯನ್ನು ಪಕ್ಕಕ್ಕಿಟ್ಟಳು. "ನಾಳೆ ಇಂಜಿನಿಯರಮ್ಮನಿಗೂ ಹೇಳಿಬಿಡಿ. ಮೇಲೆ ಜನ ತುಂಬಿದ ರೈಲು ಹೋಗುತ್ತೆ."

ಇಂಜಿನಿಯರಮ್ಮ ಈ ಸಲ ಬೈದರು. ಪೂರ್ತಿ ಕೇಳಿಸದಿದ್ದರೂ ಪೂರ್ತಿ ಅರ್ಥವಾಗುವ ಹಾಗೆ ಬೈದರು. ನಾಲ್ಕು ಕಲ್ಲನ್ನೂ ಕೀಳಿಸಿದರು. ಕಿತ್ತವನ್ನು ಒಡೆದು ನೋಡಿದಾಗ ನಾಲ್ಕರ ಒಳಗೂ ಉಗುರಿನಿಂದ ಗೀಚಿದಂಥ ಕಪ್ಪು ಗೆರೆ ಈ ತುದಿಯಿಂದ ಆ ತುದಿಗೆ ಓಡಿತ್ತು. ಅವರು ಅದರ ಮೇಲೆ ಬೆರಳಾಡಿಸಿ ನೋಡಿದರು. ಮೇಸ್ತ್ರಿ ತನ್ನ ಸಾಮಾನು ಕಟ್ಟಿಕೊಳ್ಳಲು ಸಿದ್ಧನಾಗಿಯೇ ಬಂದಿದ್ದ. ಅವರು ಕನ್ನಡಕ ಇಳಿಸಿಕೊಂಡು, ಭಾವಮೈದುನನ ಕಡೆ ಕೈ ತೋರಿಸಿ, "ಕೆತ್ತೋದು ನೀವು, ಕೇಳೋದು ಇವರು. ಒಪ್ಪಿದರೆ ಇರಿ" ಎಂದರು.

ಅಂದಿನಿಂದ ಪ್ರತಿ ಕಲ್ಲನ್ನೂ ಭಾವಮೈದುನ ಬಡಿದ. ಟಣ್ ಎಂದದ್ದು ಮಾತ್ರ ರಾಟೆ ಏರಿತು, ಮರುದಿನ ಅದರ ಮೇಲೆ ಚುಕ್ಕಿ ಬಿತ್ತು. ಭಯ ಹೋಗಲಿಲ್ಲ, ಆದರೆ ಭಯಕ್ಕೊಂದು ರೂಢಿಯಾಯಿತು. ಬೆಳಿಗ್ಗೆ ಸಾರುವೆ ಹತ್ತುವಾಗ ಭಾವಮೈದುನ ಕೆಮ್ಮಿ ಸದ್ದು ಮಾಡಿಯೇ ಮೂಲೆ ತಿರುಗುತ್ತಿದ್ದ, ಯಾರದೋ ಮನೆಯೊಳಗೆ ಹೋಗುವವನಂತೆ.

ನಲವತ್ತೊಂದನೆಯ ಕಲ್ಲಿನ ಹತ್ತಿರ ಎಲ್ಲ ನಿಂತಿತು. ಅದು ಚೆನ್ನಾಗಿ ಟಣ್ ಎಂದಿತ್ತು. ಭಾವಮೈದುನ ಬಡಿದಿದ್ದ, ಅನುಮಾನಕ್ಕೆ ಇಂಜಿನಿಯರಮ್ಮನೂ ಬಡಿದು ಕೇಳಿದ್ದರು. ಪದರ ಸರಿಯಾಗಿ ಮಲಗಿತ್ತು. ಮರುದಿನ ಚುಕ್ಕಿ ಇರಲಿಲ್ಲ. ಅದರ ಮರುದಿನವೂ ಇರಲಿಲ್ಲ. ನಾಲ್ಕು ದಿನ ಕಾದರು.

"ಕಲ್ಲಲ್ಲಿ ಏನೂ ತಪ್ಪಿಲ್ಲ ಭಾವ. ಅವನಿಗೂ ವಯಸ್ಸಾಗಿರಬೇಕು."

ಮೇಸ್ತ್ರಿ ನಗಲಿಲ್ಲ. "ಕೀಳೋಣ."

"ಒಂದು ದಿನದ ಕೆಲಸ ದಂಡ."

"ದಂಡವಾಗಲಿ."

ಕಿತ್ತು ಕೆಳಗಿಳಿಸಿದರು. ಹಿಂದೆ ಮುಂದೆ ಹೊರಳಿಸಿ ನೋಡಿದರೂ ಒಂದು ಗೀರಿಲ್ಲ. ಅದನ್ನು ಕಂಬದ ಬುಡದಲ್ಲಿ ಬಿಟ್ಟು ಬೇರೆ ಕಲ್ಲು ಏರಿಸಿದರು. ಹದಿನೇಳು ದಿನ ಅದು ಅಲ್ಲೇ ಬಿದ್ದಿತ್ತು. ಕಾವಲುಗಾರ ಅದರ ಮೇಲೆ ಕೂತು ಪತ್ರಿಕೆ ಓದುತ್ತಿದ್ದ. ಹದಿನೆಂಟನೆಯ ದಿನ ಬೆಳಿಗ್ಗೆ, ಹಿಂದಿನ ಸಂಜೆ ಮಳೆ ಬಂದು ಬಿಸಿಲೇರುತ್ತಿದ್ದ ಹೊತ್ತಿಗೆ, ಯಾರೂ ಮುಟ್ಟದೆ ಆ ಕಲ್ಲು ಎರಡು ಹೋಳಾಯಿತು. ಕಾವಲುಗಾರ ಆಗಷ್ಟೇ ಎದ್ದು ಹೋಗಿದ್ದ. ಒಳಗಿನ ಮೈ ಹಸಿಯಾಗಿ, ಬೂದುಬಣ್ಣಕ್ಕೆ, ಸತ್ತ ಮೀನಿನ ಹಾಗೆ ಇತ್ತು. ಭಾವಮೈದುನ ಅದನ್ನು ನೋಡಿ ಕೈ ತೊಳೆದುಕೊಂಡು ಬಂದ, ಮತ್ತೆ ಹೋಗಿ ಇನ್ನೊಮ್ಮೆ ತೊಳೆದ.

ಅರವತ್ತೆರಡೂ ಮುಗಿದಾಗ ಸಾರುವೆ ಬಿಚ್ಚಿದರು. ರೈಲುಗಳು ಹಳೆಯ ವೇಗಕ್ಕೆ ಮರಳಿದವು. ಇಂಜಿನಿಯರಮ್ಮ ವರದಿಯಲ್ಲಿ ಕಲ್ಲು, ಗಾರೆ, ಕೊಳವೆಗಳ ಬಗ್ಗೆ ಹದಿನಾಲ್ಕು ಪುಟ ಬರೆದರು, ಚುಕ್ಕಿಗಳ ಬಗ್ಗೆ ಒಂದಕ್ಷರ ಬರೆಯಲಿಲ್ಲ. ಆದರೆ ಹಳೆಯ ಕಡತದ ವಿಚಾರಣೆಯ ಹಾಳೆಗೆ, ಕಲ್ಲು ನೋಡುವವನ ತಪ್ಪಿನಿಂದ ಹನ್ನೊಂದು ಜನ ಸತ್ತರೆಂದು ಇದ್ದ ಕಡೆ, ತಮ್ಮ ಸಹಿ ಹಾಕಿ ಒಂದು ಚೀಟಿ ಅಂಟಿಸಿದರು: 'ಇದು ನಿಜವಲ್ಲ.'

ಮುಂದಿನ ಕೆಲಸ ಇನ್ನೊಂದು ಊರಿನ ಗ್ರಂಥಾಲಯದ್ದು. ಹೊರಗಿನ ಮೆಟ್ಟಿಲು ಬದಲಿಸುವುದಿತ್ತು. ಮೇಸ್ತ್ರಿಗೆ ಈಗ ಕಿವಿಗೆ ಯಂತ್ರ ಬಂದಿತ್ತು. ಅದರಲ್ಲಿ ಮಾತು ಕೇಳುತ್ತಿತ್ತು, ಕಲ್ಲು ಮಾತ್ರ ತಗಡಿನ ಡಬ್ಬದಂತೆ ಕೇಳುತ್ತಿತ್ತು. ಬಡಿಯುವ ಕೆಲಸ ಭಾವಮೈದುನನದೇ ಆಯಿತು. ಜಾಗ ಹಸನಾಗಿತ್ತು, ಓದುವವರು ಬಂದು ಹೋಗುತ್ತಿದ್ದರು, ಮರಗಳಿದ್ದವು, ಹೆದರುವಂಥದ್ದು ಏನೂ ಇರಲಿಲ್ಲ.

ಆದರೂ ಮೇಸ್ತ್ರಿ ದಿನವೂ ಎಲ್ಲರಿಗಿಂತ ಮುಂಚೆ ಬಂದು, ಹಿಂದಿನ ದಿನ ಕೂರಿಸಿದ ಮೆಟ್ಟಿಲಿನ ಎಡಮೂಲೆಗೆ ಬಗ್ಗಿ ನೋಡುತ್ತಿದ್ದ. ಅಲ್ಲಿ ಏನೂ ಇರುತ್ತಿರಲಿಲ್ಲ. ಕಲ್ಲು ಸರಿಯಿಲ್ಲವೋ, ನೋಡುವವರು ಇಲ್ಲವೋ, ಖಾಲಿ ಮೂಲೆ ಎರಡಕ್ಕೂ ಒಂದೇ ಥರ ಕಾಣುತ್ತಿತ್ತು. ಸೇತುವೆಯ ಮೇಲೆ ಆ ಮಧ್ಯಾಹ್ನ ಆಗಿದ್ದಕ್ಕಿಂತ ಹೆಚ್ಚಿನ ಭಯ ಅವನಿಗೆ ಈ ಮೆಟ್ಟಿಲುಗಳ ಮುಂದೆ ಆಗುತ್ತಿತ್ತು.

"ಒಳ್ಳೇ ಕಲ್ಲು ಭಾವ, ಬಡಿದಿದ್ದೀನಿ," ಎಂದ ಭಾವಮೈದುನ ಒಂದು ಬೆಳಿಗ್ಗೆ.

"ಬಡಿದಿದ್ದೀಯ, ಸರಿ. ಆಮೇಲೆ?"

ಭಾವಮೈದುನ ತಾನೂ ಬಗ್ಗಿ ಆ ಖಾಲಿ ಮೂಲೆ ನೋಡಿದ. ಗ್ರಂಥಾಲಯದ ಬಾಗಿಲು ತೆರೆಯಿತು. ಒಬ್ಬ ಮುದುಕಿ ಪುಸ್ತಕಗಳ ಚೀಲ ಹಿಡಿದು ಹೊಸ ಮೆಟ್ಟಿಲ ಮೇಲೆ ಒಂದೊಂದೇ ಕಾಲಿಡುತ್ತ ಇಳಿದುಬಂದಳು. ಅವಳು ನೆಲ ಮುಟ್ಟುವವರೆಗೆ ಇಬ್ಬರೂ ಉಸಿರು ಬಿಗಿಹಿಡಿದು ನಿಂತಿದ್ದರು.